ಊರು ಸುತ್ತುವರಿದ ಕೊಲ್ಲಿಯ ದಡ: ಅದರ ಆರೋಗ್ಯ ಅಳೆಯುವುದು ಹೇಗೆ?

ಒಂದು ಕೊಲ್ಲಿಯ ಸುತ್ತ ಊರು ಬೆಳೆದಿದೆ ಅಂದುಕೊಳ್ಳಿ. ದಡದ ಉದ್ದಕ್ಕೂ ಕಾಂಕ್ರೀಟ್ ಗೋಡೆ, ನಡುವೆ ಜೆಟ್ಟಿ, ಅಲ್ಲಲ್ಲಿ ಮಳೆನೀರಿನ ಪೈಪು. ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕೆಸರು ಬಯಲು ಉಳಿದಿದೆ. ಈ ದಡದ ಪರಿಸರ ಆರೋಗ್ಯ ಹೇಗಿದೆ ಅಂತ ಹೇಳಬೇಕು. ಎಲ್ಲಿಂದ ಶುರು ಮಾಡುವುದು?

ನಮ್ಮಲ್ಲಿ ಹೆಚ್ಚಿನವರ ಉತ್ತರ ಬಾಟಲಿಯಿಂದಲೇ ಶುರುವಾಗುತ್ತದೆ. ನೀರು ತುಂಬು, ಲ್ಯಾಬಿಗೆ ಕಳಿಸು, ಪಟ್ಟಿಯ ಜೊತೆ ಹೋಲಿಸು. ಆದರೆ ಬಾಟಲಿಯ ನೀರು ಆ ಗಳಿಗೆಯ ಸ್ಥಿತಿ ಮಾತ್ರ ಹೇಳುತ್ತದೆ. ಇನ್ನೊಂದು ಉಬ್ಬರ ಬಂದರೆ ಆ ನೀರು ಅಲ್ಲಿರುವುದಿಲ್ಲ. ಹತ್ತಾರು ವರ್ಷ ಊರು ಏನು ಮಾಡಿದೆ ಅನ್ನುವುದು ದಡದ ಆಕಾರದಲ್ಲಿ, ತಳದ ಕೆಸರಿನಲ್ಲಿ, ಆ ಕೆಸರಲ್ಲಿ ಬದುಕುವ ಹುಳು ಚಿಪ್ಪುಗಳಲ್ಲಿ ಉಳಿದಿರುತ್ತದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ನೀರಿಗೆ ಕಡಿಮೆ ಜಾಗ, ದಡ ಮತ್ತು ತಳಕ್ಕೆ ಜಾಸ್ತಿ.

ಮೊದಲೇ ಬೇರೆ ಮಾಡಿಕೊಳ್ಳಬೇಕಾದ ಒಂದು ವಿಷಯ ಇದೆ. ಈಜಲು ನೀರು ಸುರಕ್ಷಿತವೇ ಅನ್ನುವ ಪ್ರಶ್ನೆ ಬೇರೆ, ಕೊಲ್ಲಿ ಆರೋಗ್ಯವಾಗಿದೆಯೇ ಅನ್ನುವ ಪ್ರಶ್ನೆ ಬೇರೆ. ಅಮೆರಿಕದ ಪರಿಸರ ಸಂಸ್ಥೆಯ 2012ರ ಶಿಫಾರಸಿನಲ್ಲಿ ಮನುಷ್ಯ, ಪ್ರಾಣಿ, ಹಕ್ಕಿಗಳ ಮಲದಲ್ಲಿರುವ ಎಂಟರೋಕಾಕಸ್ ಬ್ಯಾಕ್ಟೀರಿಯಾಕ್ಕೆ ಒಂದು ಮಿತಿ ಇದೆ. 100 ಮಿಲಿಲೀಟರ್ ನೀರಿನಲ್ಲಿ ಗುಣೋತ್ತರ ಸರಾಸರಿ 35 ಮೀರಬಾರದು. ಇದು ಮನುಷ್ಯನ ಹೊಟ್ಟೆಯ ಸುರಕ್ಷತೆಗಾಗಿ ಇಟ್ಟ ಗೆರೆ. ಸುತ್ತಲೂ ಗೋಡೆ ಕಟ್ಟಿದ, ಮೀನುಮರಿಗೆ ಅಡಗಲು ಜಾಗವೇ ಇಲ್ಲದ ಕೊಲ್ಲಿ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗಬಹುದು. ಸಾವಿರಾರು ಹಕ್ಕಿ ಕೂರುವ ಜೌಗು ದಡ ಫೇಲಾಗಬಹುದು.

ಯಾವುದರ ಜೊತೆ ಹೋಲಿಕೆ?

ಇಡೀ ವಿಷಯದಲ್ಲಿ ಕಷ್ಟದ ಪ್ರಶ್ನೆ ಇದು. ‘ಹಾಳಾಗಿದೆ’ ಅನ್ನಲು ಹಾಳಾಗದ ಸ್ಥಿತಿ ಹೇಗಿತ್ತು ಅಂತ ಗೊತ್ತಿರಬೇಕು. ಮೀನು ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಒಂದು ತೊಂದರೆಯತ್ತ ಬೆರಳು ತೋರಿಸಿದರು. ಪ್ರತಿ ಪೀಳಿಗೆಯ ಸಂಶೋಧಕರೂ ತಾವು ವೃತ್ತಿಗೆ ಬಂದಾಗ ಕಂಡದ್ದನ್ನೇ ಸಹಜ ಸ್ಥಿತಿ ಅಂದುಕೊಳ್ಳುತ್ತಾರೆ. ಹೀಗೆ ಅಳತೆಗೋಲೇ ಮೆಲ್ಲಗೆ ಕೆಳಗೆ ಸರಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಹಳೆಯ ಉಪ್ಪುಜೌಗಿನಲ್ಲಿ ಹತ್ತಿರ ಹತ್ತಿರ 90% ಹೋಗಿದೆ. ಟೋಕಿಯೋ ಕೊಲ್ಲಿಯ ಕೆಸರು ಬಯಲುಗಳಲ್ಲೂ ಬಹುಪಾಲು ಮಣ್ಣು ತುಂಬಿ ನೆಲವಾಗಿದೆ. ಅಲ್ಲೆಲ್ಲ ಇವತ್ತು ಉಳಿದದ್ದನ್ನೇ ಮಾದರಿ ಅಂತ ಹಿಡಿದರೆ ಲೆಕ್ಕ ಶುರುವಿನಲ್ಲೇ ಕೆಟ್ಟಿತು.

ದಾರಿಗಳು ಮೂರು. ಒಂದು, ಹತ್ತಿರದಲ್ಲಿ ಅಷ್ಟೇನೂ ಕಟ್ಟಡ ಏಳದ ಇನ್ನೊಂದು ಕೊಲ್ಲಿಯನ್ನು ಮಾದರಿಯಾಗಿ ಹಿಡಿಯುವುದು. ಉಪ್ಪಿನಂಶ, ಅಲೆಯ ಹೊಡೆತ, ತಳದ ಮಣ್ಣು ಎರಡರಲ್ಲೂ ಒಂದೇ ತರಹ ಇರಬೇಕು. ಇಲ್ಲದಿದ್ದರೆ ಮರಳು ತಳವನ್ನು ಕೆಸರು ತಳಕ್ಕೆ ಹೋಲಿಸಿ ಮಾಲಿನ್ಯ ಅಂತ ಬರೆದಂತಾಗುತ್ತದೆ. ಎರಡು, ಹಳೆಯ ನಕ್ಷೆ ಮತ್ತು ವಿಮಾನದಿಂದ ತೆಗೆದ ಫೋಟೋಗಳು. ಮೂರು, ಕೆಸರಿನ ಉದ್ದ ಕೊಳವೆ ತೆಗೆದು ಪದರ ಪದರವಾಗಿ ಓದುವುದು. ವಿಕಿರಣಶೀಲ ಸೀಸ-210ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 22 ವರ್ಷ. ಆದ್ದರಿಂದ ಹಿಂದಿನ ನೂರು ವರ್ಷಕ್ಕೆ ಅದು ಒಳ್ಳೆಯ ಗಡಿಯಾರ. ಸೀಸಿಯಂ-137 ಅಣುಬಾಂಬ್ ಪರೀಕ್ಷೆಗಳಿಂದ ಬಂದದ್ದು. 1963ರ ಸುಮಾರಿನ ಪದರದಲ್ಲಿ ಅದು ಅತಿ ಹೆಚ್ಚು, ಹಾಗಾಗಿ ಆ ಪದರ ಒಂದು ಗುರುತಿನ ಕಲ್ಲು. ಜೊತೆಗೆ ಸೂಕ್ಷ್ಮ ಚಿಪ್ಪುಜೀವಿಗಳ ಉಳಿಕೆ ನೋಡಿದರೆ ಯಾವ ದಶಕದಲ್ಲಿ ಏನು ಬದಲಾಯಿತು ಅಂತ ಹೇಳಬಹುದು. ನನಗೆ ಮೂರನೆಯದರ ಮೇಲೇ ಹೆಚ್ಚು ನಂಬಿಕೆ. ಆದರೆ ಬಂದರಿನಲ್ಲಿ ಹೂಳೆತ್ತಿದ ಜಾಗದಲ್ಲಿ ಅದು ನಡೆಯುವುದಿಲ್ಲ, ಪದರಗಳೆಲ್ಲ ಕಲಸಿಹೋಗಿರುತ್ತವೆ.

ಐರೋಪ್ಯ ಒಕ್ಕೂಟದ 2000ದ ಜಲ ನಿರ್ದೇಶನ ಇದಕ್ಕೆ ಒಂದು ಜಾಣ ವ್ಯವಸ್ಥೆ ಮಾಡಿದೆ. ಸಹಜ ನೀರಿಗೆ ಕನಿಷ್ಠ ‘ಒಳ್ಳೆಯ ಸ್ಥಿತಿ’ ಗುರಿ. ಬಂದರಿನಂತೆ ಪೂರ್ತಿ ಬದಲಾದ ನೀರಿಗೆ ‘ಒಳ್ಳೆಯ ಸಾಮರ್ಥ್ಯ’ ಗುರಿ. ಅಂದರೆ ಗೋಡೆ ಅಲ್ಲೇ ಇರಲಿ, ಅದು ಇದ್ದೂ ಎಷ್ಟು ಚೆನ್ನಾಗಿರಲು ಸಾಧ್ಯವೋ ಅಷ್ಟಕ್ಕೆ ಹೋಲಿಸು ಅಂತ. ಇದು ಪ್ರಾಯೋಗಿಕ ಹೌದು, ಜೊತೆಗೆ ತಪ್ಪಿಸಿಕೊಳ್ಳುವ ದಾರಿಯೂ ಹೌದು ಅಲ್ವಾ? ಯಾವ ಗುರಿ ಇಟ್ಟುಕೊಂಡಿದ್ದೀರಿ ಅಂತ ವರದಿಯ ಮೊದಲ ಪುಟದಲ್ಲೇ ಬರೆದುಬಿಡಿ.

ದಡವನ್ನು ತುಂಡು ಮಾಡಿ ನೋಡುವುದು

ಸ್ಯಾಂಪಲ್‌ಗೆ ಮೊದಲು ನಕ್ಷೆ. ದಡವನ್ನು ತುಂಡುಗಳಾಗಿ ವಿಂಗಡಿಸಿ: ಸಹಜ ದಡ, ಇಳಿಜಾರಿನ ಕಲ್ಲುರಾಶಿ, ನೇರ ಗೋಡೆ, ಕಂಬದ ಮೇಲಿನ ಜೆಟ್ಟಿ. ಪ್ರತಿ ಪೈಪಿನ ಬಾಯಿಯನ್ನೂ ಗುರುತು ಮಾಡಿ.

ನೇರ ಗೋಡೆಯಿಂದ ಆಗುವ ದೊಡ್ಡ ನಷ್ಟ ಯಾವುದು? ಒಂದು ಸಣ್ಣ ಲೆಕ್ಕ ಸಾಕು. ಉಬ್ಬರ ಇಳಿತದ ನಡುವಿನ ಎತ್ತರ 2 ಮೀಟರ್ ಅಂದುಕೊಳ್ಳಿ. ದಡ 50 ಮೀಟರಿಗೆ 1 ಮೀಟರಿನಂತೆ ಇಳಿದರೆ, ಇಳಿತದಲ್ಲಿ ತೆರೆದುಕೊಳ್ಳುವ ಪಟ್ಟಿ 100 ಮೀಟರ್ ಅಗಲ. ಅದೇ ಜಾಗದಲ್ಲಿ ನೇರ ಗೋಡೆ ನಿಂತರೆ ಆ ಪಟ್ಟಿ ಬರೀ 2 ಮೀಟರ್, ಅದೂ ನಿಂತ ಮೇಲ್ಮೈ. ಹುಳು, ಏಡಿ, ಹಕ್ಕಿ ಎಲ್ಲದರ ಜಾಗ ಐವತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಇದರ ಮೇಲೆ ಗೋಡೆಗೆ ಬಡಿದ ಅಲೆ ಹಿಂದಕ್ಕೆ ತಿರುಗಿ ಬುಡದ ಮರಳನ್ನು ಕೊರೆಯುತ್ತದೆ. ಸಮುದ್ರಮಟ್ಟ ಏರಿದಾಗ ಜೌಗು ಒಳನಾಡಿನ ಕಡೆ ಸರಿಯಬೇಕು, ಆದರೆ ಹಿಂದೆ ಗೋಡೆ ಇದ್ದರೆ ಸರಿಯಲು ಎಡೆಯಿಲ್ಲ. ನಡುವೆ ಸಿಕ್ಕಿ ಅದು ಕರಗಿಹೋಗುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಸಹಜ ದಡಕ್ಕಿಂತ ಗೋಡೆಯ ದಡದಲ್ಲಿ ಜೀವವೈವಿಧ್ಯ 23% ಕಡಿಮೆ, ಜೀವಿಗಳ ಸಂಖ್ಯೆ 45% ಕಡಿಮೆ. ಕಲ್ಲುರಾಶಿಯ ದಡದಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಕಲ್ಲು ಸುರಿದರೆ ಸಾಕು ಅನ್ನಬೇಡಿ. ಗಟ್ಟಿ ಮೇಲ್ಮೈ ಹೊಸ ಜೀವಿಗಳನ್ನು ಕರೆಯುತ್ತದೆ ನಿಜ. ಆದರೆ ಹಡಗಿನ ಜೊತೆ ಬಂದ ಹೊರಗಿನ ಜಾತಿಗಳಿಗೆ ಜೆಟ್ಟಿಯ ಕಂಬ, ತೇಲುವ ಕಟ್ಟೆಗಳು ತುಂಬಾ ಇಷ್ಟದ ಜಾಗ. ಸುಮ್ನೆ ಜಾತಿಗಳನ್ನು ಎಣಿಸಿದರೆ ಅಂಕ ಏರುತ್ತದೆ, ಕೊಲ್ಲಿ ಸುಧಾರಿಸಿರುವುದಿಲ್ಲ. ಸ್ಥಳೀಯ ಜಾತಿ, ಹೊರಗಿನ ಜಾತಿ ಅಂತ ಎರಡು ಕಾಲಂ ಇಡಿ.

ನೀರು: ಚಿಕ್ಕದಾಗಿ

ಆಮ್ಲಜನಕ ಮುಖ್ಯ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಉಸಿರುಗಟ್ಟುವ ಸ್ಥಿತಿ ಅಂತ ಲೆಕ್ಕ. ಆದರೆ ಮಧ್ಯಾಹ್ನ ಮೇಲ್ಮೈ ನೀರು ಅಳೆದರೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ. ಬೆಳಗಿನ ಜಾವ, ತಳಕ್ಕೆ ಹತ್ತಿರ ಅಳೆಯಬೇಕು. ಆಗದಿದ್ದರೆ ತಾನಾಗಿಯೇ ಅಳೆದು ಬರೆದಿಡುವ ಲಾಗರ್ ಯಂತ್ರವನ್ನು ತಳದಲ್ಲಿ ಬಿಡಬೇಕು. ಟೋಕಿಯೋ ಕೊಲ್ಲಿಯಲ್ಲಿ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳಿದಾಗ ತಳದ ಆಮ್ಲಜನಕವಿಲ್ಲದ ನೀರು ಮೇಲೆ ಬರುತ್ತದೆ. ಅದರಲ್ಲಿರುವ ಗಂಧಕದಿಂದ ಸಮುದ್ರ ಹಾಲುಬೆರೆಸಿದ ನೀಲಿ ಬಣ್ಣಕ್ಕೆ ತಿರುಗುತ್ತದೆ, ಚಿಪ್ಪುಜೀವಿಗಳು ರಾಶಿ ರಾಶಿ ಸಾಯುತ್ತವೆ. ಹಿಂದಿನ ದಿನ ಮೇಲಿನ ನೀರು ಪರೀಕ್ಷಿಸಿದವರಿಗೆ ಇದರ ಸುಳಿವೇ ಸಿಕ್ಕಿರುವುದಿಲ್ಲ.

ಕೊಲ್ಲಿಯ ಬಾಯಿ ಕಿರಿದಾಗಿದ್ದರೆ ನೀರು ಬದಲಾಗಲು ಜಾಸ್ತಿ ದಿನ ಬೇಕು. ಅಷ್ಟೇ ಕೊಳಚೆ ಬಂದರೂ ಹಾನಿ ಹೆಚ್ಚು. ಈ ಲೆಕ್ಕವಿಲ್ಲದೆ ಎರಡು ಕೊಲ್ಲಿಗಳಿಗೆ ಕೊಳಚೆಯಿಂದ ಬರುವ ಸಾರಜನಕ ಹೋಲಿಸಬಾರದು.

ನೀರಿನ ತಿಳಿ ನೋಡಲು 1865ರಲ್ಲಿ ಆಂಜೆಲೊ ಸೆಕ್ಕಿ ಬಳಸಿದ ಬಿಲ್ಲೆ ಇವತ್ತಿಗೂ ಸಾಕು. ಹಗ್ಗಕ್ಕೆ ಕಟ್ಟಿ ಇಳಿಸಿ, ಮಾಯವಾಗುವ ಆಳ ಬರೆದುಕೊಳ್ಳಿ. ಈ ಅಳತೆಗೆ ಅರ್ಥ ಬರುವುದು ಸಮುದ್ರ ಹುಲ್ಲಿನಿಂದ. ಹುಲ್ಲಿಗೆ ತಳದವರೆಗೆ ಬೆಳಕು ಬೇಕು. ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಕೊಳಚೆಯ ಸಾರಜನಕದಿಂದ ಪಾಚಿ ಹೆಚ್ಚಿ, ಬೆಳಕು ಕಡಿಮೆಯಾಗಿ, 1980ರ ದಶಕದ ಆರಂಭಕ್ಕೆ ಹುಲ್ಲು 1950ರ ಸುಮಾರಿನದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 1979ರ ಹೊತ್ತಿಗೆ ಟ್ಯಾಂಪಾ ನಗರ ತನ್ನ ಕೊಳಚೆಯಿಂದ ಸಾರಜನಕ ತೆಗೆಯುವ ಸುಧಾರಿತ ಸಂಸ್ಕರಣೆ ಶುರು ಮಾಡಿತ್ತು. ನೀರು ತಿಳಿಯಾಯಿತು, ಹುಲ್ಲು ನಿಧಾನವಾಗಿ ಮರಳಿತು. ಆಗಿನ ಗುರಿ 38,000 ಎಕರೆ. 2014ರ ಸಮೀಕ್ಷೆಯಲ್ಲಿ 40,000 ಎಕರೆ ದಾಟಿತ್ತು. 2016ರ ನಂತರ ಮತ್ತೆ ಕುಗ್ಗಿತು. ನಡುವೆ ಹೋದದ್ದು ಮೂವತ್ತಕ್ಕೂ ಹೆಚ್ಚು ವರ್ಷ. ಯೋಜನೆ ಶುರುವಾಗಿ ಮೂರೇ ವರ್ಷಕ್ಕೆ ಫಲಿತಾಂಶ ಕೇಳುವವರಿಗೆ ಈ ಉದಾಹರಣೆ ಕೊಡಿ.

ಕೆಸರು ಮತ್ತು ತಳಜೀವಿಗಳು

ಮೀನು ಕೆಟ್ಟ ನೀರು ಬಿಟ್ಟು ಓಡುತ್ತದೆ. ಕೆಸರಲ್ಲಿ ಬಿಲ ತೋಡಿದ ಹುಳು ಎಲ್ಲಿಗೆ ಹೋಗುತ್ತದೆ? ಇದ್ದಲ್ಲೇ ಬದುಕಬೇಕು, ಇಲ್ಲ ಸಾಯಬೇಕು. ಅದಕ್ಕೇ ತಳಜೀವಿಗಳು ನಂಬಲು ಯೋಗ್ಯ ಸಾಕ್ಷಿ.

ತಳದಿಂದ ಗೊತ್ತಾದ ವಿಸ್ತೀರ್ಣದಷ್ಟು ಮಣ್ಣು ತೆಗೆದು ಜರಡಿ ಹಿಡಿಯುತ್ತಾರೆ. ಸಾಮಾನ್ಯವಾಗಿ 0.1 ಚದರ ಮೀಟರ್. ಜರಡಿಯ ಕಣ್ಣು 0.5 ಮಿಲಿಮೀಟರೋ 1 ಮಿಲಿಮೀಟರೋ ಅಂತ ಬರೆಯದ ವರದಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಸಣ್ಣ ಕಣ್ಣಿನಲ್ಲಿ ಸಣ್ಣ ಹುಳುಗಳು ಉಳಿಯುತ್ತವೆ, ಸಂಖ್ಯೆ ಒಮ್ಮೆಲೇ ಏರುತ್ತದೆ.

ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲಿ ಒಂದು ಕ್ರಮವನ್ನು ವಿವರಿಸಿದರು. ಕೊಳಚೆಯ ಬಾಯಲ್ಲಿ ಜೀವವೇ ಇಲ್ಲ. ಸ್ವಲ್ಪ ದೂರದಲ್ಲಿ ಕ್ಯಾಪಿಟೆಲ್ಲದಂಥ ಒಂದೆರಡು ಜಾತಿಯ ಸಣ್ಣ ಹುಳುಗಳು ಸಾವಿರಗಟ್ಟಲೆ. ಇನ್ನೂ ದೂರ ಹೋದಂತೆ ಜಾತಿಗಳು ಹೆಚ್ಚಿ, ಆಳಕ್ಕೆ ಬಿಲ ತೋಡುವ ದೊಡ್ಡ ಜೀವಿಗಳು ಬರುತ್ತವೆ. ಆದ್ದರಿಂದ ‘ತುಂಬಾ ಹುಳು ಸಿಕ್ಕವು’ ಅನ್ನುವುದು ಒಳ್ಳೆಯ ಸುದ್ದಿಯೇ ಆಗಬೇಕಿಲ್ಲ.

ಇದೇ ಯೋಚನೆಯನ್ನು ಅಂಕಿಯಾಗಿಸಿದ್ದು ಸ್ಪೇನಿನ ಆಂಖೆಲ್ ಬೋರ್ಹಾ ಮತ್ತು ಜೊತೆಗಾರರು 2000ದಲ್ಲಿ ಕೊಟ್ಟ ಆಂಬಿ ಸೂಚ್ಯಂಕ. ತಳಜೀವಿಗಳನ್ನು ಐದು ಗುಂಪು ಮಾಡುತ್ತಾರೆ. ಮೊದಲ ಗುಂಪು ಮಾಲಿನ್ಯ ಸಹಿಸದವು, ಐದನೆಯದು ಕೊಳಚೆಯಲ್ಲೇ ಹೆಚ್ಚುವವು. ಪ್ರತಿ ಗುಂಪಿನ ಶೇಕಡಾ ಪಾಲನ್ನು ಕ್ರಮವಾಗಿ 0, 1.5, 3, 4.5, 6ರಿಂದ ಗುಣಿಸಿ, ಕೂಡಿಸಿ, 100ರಿಂದ ಭಾಗಿಸಬೇಕು. 1.2ರವರೆಗೆ ಕದಡದ ಸ್ಥಿತಿ, 3.3ರವರೆಗೆ ಸ್ವಲ್ಪ ಕದಡಿದ್ದು, 5ರವರೆಗೆ ಮಧ್ಯಮ, ಅದರಾಚೆ ತೀವ್ರ.

ಅಭ್ಯಾಸಕ್ಕೆ ಒಂದು ಕಾಲ್ಪನಿಕ ಸ್ಯಾಂಪಲ್: ಗುಂಪುಗಳ ಪಾಲು 10, 20, 30, 25, 15. ಲೆಕ್ಕ 0 + 30 + 90 + 112.5 + 90, ಅಂದರೆ 322.5. ಸೂಚ್ಯಂಕ 3.2. ಸ್ವಲ್ಪ ಕದಡಿದ್ದು. ಈಗ ಒಂದು ಹುಳುವಿನ ಜಾತಿಯನ್ನು ಬೇರೆ ರೀತಿ ಗುರುತಿಸಿದ್ದರಿಂದ 10% ಜೀವಿಗಳು ಮೂರನೇ ಗುಂಪಿನಿಂದ ನಾಲ್ಕಕ್ಕೆ ಹೋದವು ಅನ್ನಿ. ಸೂಚ್ಯಂಕ 3.4ರ ಹತ್ತಿರ. ದರ್ಜೆಯೇ ಬದಲು! ಕೊಲ್ಲಿಯಲ್ಲಿ ಏನೂ ಬದಲಾಗಿಲ್ಲ. ಗೆರೆಯ ಹತ್ತಿರದ ಅಂಕಿಗೆ ದರ್ಜೆಗಿಂತ ಅಂಕಿಯನ್ನೇ ಬರೆಯುವುದು ಮೇಲು. ನದಿ ಸೇರುವ ಕೊಲ್ಲಿಯಲ್ಲಿ ಸಹಜವಾಗಿಯೇ ಸಾವಯವ ಅಂಶ ಹೆಚ್ಚು, ಅಲ್ಲಿ ಆಂಬಿ ಕೆಟ್ಟ ಅಂಕ ಕೊಟ್ಟುಬಿಡುತ್ತದೆ. ಅಮೆರಿಕದ ಚೆಸಪೀಕ್ ಕೊಲ್ಲಿಯ ತಳಜೀವಿ ಸೂಚ್ಯಂಕದಲ್ಲಿ ಇದಕ್ಕೇ ಉಪ್ಪಿನಂಶ ಮತ್ತು ತಳದ ಮಣ್ಣಿಗೆ ತಕ್ಕಂತೆ ಬೇರೆ ಬೇರೆ ಮಿತಿ ಇಟ್ಟಿದ್ದಾರೆ. ಅಲ್ಲಿ ಅಂಕ 1ರಿಂದ 5, ಗುರಿ 3 ಅಥವಾ ಮೇಲೆ.

ಲೋಹಗಳ ವಿಷಯದಲ್ಲಿ ಒಂದೇ ಎಚ್ಚರಿಕೆ. ನುಣುಪು ಕೆಸರು ಮರಳಿಗಿಂತ ಹೆಚ್ಚು ಲೋಹ ಹಿಡಿದಿಡುತ್ತದೆ. ಕಣದ ಗಾತ್ರ ಸರಿದೂಗಿಸದೆ ಹೋಲಿಸಬೇಡಿ.

ಒಂದೇ ಜೀವಿ ಒಂದೇ ವಿಷದ ಹೆಸರು ಹೇಳುವುದೂ ಉಂಟು. ದೋಣಿಯ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯೂಟೈಲ್ ಟಿನ್ ಬಣ್ಣದಿಂದ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಉಳಿಯಲಿಲ್ಲ. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಅದನ್ನು ನಿಷೇಧಿಸಿತು. ಅದೇ ವಿಷದಿಂದ ಕೆಲವು ಸಮುದ್ರ ಬಸವನಹುಳುಗಳ ಹೆಣ್ಣಿನಲ್ಲಿ ಗಂಡಿನ ಅಂಗ ಬೆಳೆಯುತ್ತದೆ. ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಯಿತು, ಜಾರಿಗೆ ಬಂದದ್ದು 2008ರಲ್ಲಿ. ಹಳೆಯ ದೋಣಿಕಟ್ಟೆಗಳ ಕೆಸರಿನಲ್ಲಿ ವಿಷ ಇನ್ನೂ ಕೂತಿರಬಹುದು. ಹೂಳೆತ್ತುವ ಮೊದಲು ನೋಡಿಕೊಳ್ಳಬೇಕು.

ಸ್ಯಾಂಪಲ್ ಜಾಗ ಆರಿಸುವಾಗ

ಒಂದೇ ಗೋಡೆಯ ಮೇಲೆ ಜೀವಿ ಎಣಿಸಲು ಹತ್ತು ಚೌಕಟ್ಟು ಇಟ್ಟರೆ ಅದು ಹತ್ತು ಗೋಡೆಗಳ ಮಾಹಿತಿ ಅಲ್ಲ. ಒಂದು ಗೋಡೆಯನ್ನು ಹತ್ತು ಸಲ ನೋಡಿದ್ದು ಅಷ್ಟೇ. ಬೇರೆ ಬೇರೆ ಗೋಡೆ, ಬೇರೆ ಬೇರೆ ಸಹಜ ದಡ ಬೇಕು. ಉಬ್ಬರದ ಮಟ್ಟಕ್ಕೆ ಹೋಲಿಸಿದ ಎತ್ತರವೂ ಒಂದೇ ಇರಬೇಕು. ಹೊಸ ಕಾಮಗಾರಿ ಬರುವುದು ಮೊದಲೇ ಗೊತ್ತಿದ್ದರೆ, ಕೆಲಸಕ್ಕೆ ಮುಂಚೆ ಮತ್ತು ನಂತರ, ಆ ಜಾಗದಲ್ಲೂ ಮುಟ್ಟದ ಜಾಗದಲ್ಲೂ ಅಳೆಯಿರಿ. ಪೈಪಿನ ಪ್ರಭಾವ ನೋಡಲು ಬಾಯಿಯಿಂದ 10, 20, 40, 80 ಮೀಟರ್ ಹೀಗೆ ದೂರ ಇಮ್ಮಡಿಸುತ್ತ ಹೋಗಿ. ಬದಲಾವಣೆ ಹೆಚ್ಚಾಗಿ ಬಾಯಿಯ ಹತ್ತಿರವೇ ಇರುತ್ತದೆ.

ಕೊನೆಗೆ ಒಂದೇ ಅಂಕ?

ಅಧಿಕಾರಿಗಳಿಗೆ ಒಂದು ಅಂಕ ಬೇಕು. ಸರಾಸರಿ ತೆಗೆದರೆ ಸತ್ತ ತಳ ತಿಳಿನೀರಿನ ಹಿಂದೆ ಅಡಗುತ್ತದೆ. ಐರೋಪ್ಯ ನಿಯಮದಲ್ಲಿ ಕೆಟ್ಟ ಅಂಶವೇ ಒಟ್ಟು ದರ್ಜೆ ನಿರ್ಧರಿಸುತ್ತದೆ. ಅದು ಎಚ್ಚರಿಕೆಯ ಕ್ರಮ, ಆದರೆ ಒಂದು ಅಳತೆ ತಪ್ಪಾದರೂ ಇಡೀ ಕೊಲ್ಲಿ ಫೇಲು. ನಾನಾದರೆ ದಡ, ನೀರು, ತಳ ಮೂರಕ್ಕೂ ಬೇರೆ ದರ್ಜೆ ಕೊಟ್ಟು, ಪ್ರತಿಯೊಂದರ ಪಕ್ಕ ಎಷ್ಟು ಖಚಿತ ಅಂತ ಬರೆಯುತ್ತೇನೆ. ಏಕೆಂದರೆ ಚಿಕಿತ್ಸೆ ಬೇರೆ ಬೇರೆ. ನೀರು ಕೆಟ್ಟಿದ್ದರೆ ಪೈಪಿನ ಕಡೆ ಹೋಗಬೇಕು. ತಳ ಕೆಟ್ಟು ನೀರು ಚೆನ್ನಾಗಿದ್ದರೆ ಅದು ಹಳೆಯ ಸಾಲ, ಹೊಸ ಕೊಳಚೆ ನಿಂತಿರಬಹುದು. ದಡ ಮಾತ್ರ ಕೆಟ್ಟಿದ್ದರೆ ಗೋಡೆಯ ಮೇಲೆ ಕೆಲಸ.

ಗೋಡೆಯ ಮೇಲಿನ ಕೆಲಸಕ್ಕೆ ಸಿಡ್ನಿ ಬಂದರು ಒಳ್ಳೆಯ ಉದಾಹರಣೆ. ಅಲ್ಲಿನ ದಡದಲ್ಲಿ ಅರ್ಧಕ್ಕೂ ಹೆಚ್ಚು ಗೋಡೆಯೇ. ಸಂದು, ಕುಳಿ, ನೀರು ನಿಲ್ಲುವ ಗುಂಡಿಗಳಿರುವ ಹಲಗೆಗಳನ್ನು ಹಳೆಯ ಗೋಡೆಗೆ ಜೋಡಿಸಿ ಜೀವಿಗಳಿಗೆ ನೆರಳು ತೇವ ಸಿಗುವಂತೆ ಮಾಡುತ್ತಿದ್ದಾರೆ. ಇಂಥ ಕೆಲಸ ಗೆದ್ದಿತೇ ಅಂತ ನೋಡುವಾಗ ಬೋಳು ಗೋಡೆಯ ಜೊತೆ ಮಾತ್ರ ಹೋಲಿಸಿದರೆ ಯಾವಾಗಲೂ ಗೆದ್ದಂತೆಯೇ ಕಾಣುತ್ತದೆ. ಹತ್ತಿರದ ಸಹಜ ಬಂಡೆ ದಡದ ಜೊತೆಗೂ ಹೋಲಿಸಬೇಕು. ಗೋಡೆ ಬರುವ ಮೊದಲು ಅಲ್ಲಿ ಇದ್ದದ್ದು ಬಂಡೆಯಲ್ಲ, ಕೆಸರು ಬಯಲು ಅಂತಾದರೆ, ಹಲಗೆಯ ಮೇಲಿನ ಜಾತಿಗಳನ್ನು ಕಳೆದುಹೋದ ಬಯಲಿನ ಲೆಕ್ಕಕ್ಕೆ ಜಮಾ ಮಾಡುವಂತಿಲ್ಲ.