ಆಮ್ಲ ಕೋಶದೊಳಗೆ ಹೊಕ್ಕಿದ್ದು ಹೇಗೆ? ಸೂಕ್ಷ್ಮಜೀವಿಗಳ ಸಾಗಣೆ ಪ್ರೋಟೀನ್‌ಗಳ ಗೋಜಲಿನ ಹಿನ್ನೆಲೆ

ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನ ಜೀನೋಮ್ ದತ್ತಾಂಶ ತೆರೆದರೆ 'ಅಸಿಟೇಟ್ ಸಾಗಕ', 'ಡೈಕಾರ್ಬಾಕ್ಸಿಲೇಟ್ ಸಾಗಕ' ಎಂಬ ಹಣೆಪಟ್ಟಿ ಹೊತ್ತ ಜೀನ್‌ಗಳು ಸಾಲುಸಾಲಾಗಿ ಸಿಗುತ್ತವೆ. ಸಾಗಕ ಎಂದರೆ ಕೋಶದ ಪೊರೆಯ ಮೂಲಕ ವಸ್ತುಗಳನ್ನು ಒಯ್ಯುವ ಪ್ರೋಟೀನ್; ಅಸಿಟೇಟ್, ಲ್ಯಾಕ್ಟೇಟ್ ಮುಂತಾದವು ಅಸಿಟಿಕ್, ಲ್ಯಾಕ್ಟಿಕ್ ಆಮ್ಲಗಳು ಪ್ರೋಟಾನ್ ಕಳೆದುಕೊಂಡ ರೂಪಗಳು. ಬಹುಪಾಲಿಗೆ ಆ ಹೆಸರು ಬಂದದ್ದು ಈಗಾಗಲೇ ಹೆಸರಿಟ್ಟ ಜೀನ್‌ಗಳೊಂದಿಗಿನ ಅನುಕ್ರಮದ ಹೋಲಿಕೆಯಿಂದ. ಪ್ರೋಟೀನ್ ಆಮ್ಲವನ್ನು ಒಳತರುತ್ತದೆಯೋ ಹೊರಹಾಕುತ್ತದೆಯೋ ಎಂದು ಅಳೆದವರು ಕಡಿಮೆ. ಸೂಕ್ಷ್ಮಜೀವಿಗಳಿಂದ ಆಮ್ಲ ತಯಾರಿಸಲು ಹೊರಟವರು ಇದೇ ಹೆಸರುಗಳನ್ನು ನಂಬಿ ಜೀನ್ ಆರಿಸುತ್ತಾರೆ, ಫಲಿತಾಂಶ ಬಾರದಾಗ ಕಂಗೆಡುತ್ತಾರೆ.

1956ರಲ್ಲಿ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಮೊನೊ ತಂಡ ಲ್ಯಾಕ್ಟೋಸ್ ಒಳತರುವ 'ಪರ್ಮಿಯೇಸ್' ಅನ್ನು ಮುಂದಿಟ್ಟಿತು, 1961ರಲ್ಲಿ ಬ್ರಿಟನ್‌ನ ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸದಲ್ಲಿ ಶಕ್ತಿ ಅಡಗಿದೆ ಎಂದರು, ಆಮೇಲಿನ ದಶಕಗಳಲ್ಲಿ ಹೆಚ್ಚಿನ ಗಮನ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಸಾಗಕಗಳತ್ತ ಹೋಯಿತು.

ಸಾವಯವ ಆಮ್ಲಗಳು ಹಿಂದೆ ಉಳಿದದ್ದಕ್ಕೆ ಕಾರಣ ಅವುಗಳ ರಸಾಯನದಲ್ಲೇ ಇದೆ. ಅಯಾನಾಗದ, ಅಂದರೆ ಪ್ರೋಟಾನ್ ಬಿಟ್ಟು ವಿದ್ಯುದಾವೇಶ ಪಡೆಯದ, ಪುಟ್ಟ ಆಮ್ಲದ ಅಣು ಕೊಬ್ಬಿನ ಪೊರೆಯನ್ನು ತಾನಾಗಿಯೇ ದಾಟುತ್ತದೆ. ಅಯಾನು ಹೆಚ್ಚುಕಡಿಮೆ ದಾಟುವುದೇ ಇಲ್ಲ. ಅಸಿಟಿಕ್ ಆಮ್ಲದ ಪಿಕೆಎ (ಅರ್ಧದಷ್ಟು ಅಣುಗಳು ಅಯಾನಾಗುವ ಪಿಎಚ್) 4.76. ಹೊರಗಿನ ಪಿಎಚ್ 5.0 ಇದ್ದಾಗ ಅದರ ಶೇ 36ರಷ್ಟು ಅಣುಗಳು ಅಯಾನಾಗದೆ ಇರುತ್ತವೆ. ಲ್ಯಾಕ್ಟಿಕ್ ಆಮ್ಲದ ಪಿಕೆಎ 3.86, ಅದೇ ಪಿಎಚ್‌ನಲ್ಲಿ ಈ ಪಾಲು ಶೇ 7ಕ್ಕೂ ಕಡಿಮೆ. ಒಳಹೊಕ್ಕ ಅಣು ಅಲ್ಲಿನ ತಟಸ್ಥ ಪಿಎಚ್‌ನಲ್ಲಿ ಪ್ರೋಟಾನ್ ಕಳೆದುಕೊಂಡು ಸಿಕ್ಕಿಬೀಳುತ್ತದೆ. ಹೊರಗೆ ಪಿಎಚ್ 4, ಒಳಗೆ 7 ಎಂದು ಲೆಕ್ಕ ಹಾಕಿದರೆ, ಯಾವ ಪ್ರೋಟೀನ್‌ನ ನೆರವೂ ಇಲ್ಲದೆ ಅಸಿಟೇಟ್ ಒಳಗೆ ಸುಮಾರು 150 ಪಟ್ಟು ಸೇರಿಕೊಳ್ಳಬಲ್ಲದು. ಹಾಗಾಗಿ ಆಮ್ಲ ಒಳಗೆ ಬಹಳ ಸೇರಿದೆ ಎಂದಮಾತ್ರಕ್ಕೆ ಶಕ್ತಿ ಬಳಸುವ ಸಾಗಕ ಇದೆ ಎನ್ನಲಾಗದು.

ಈ ಸಿಕ್ಕನ್ನು ತಾಳ್ಮೆಯಿಂದ ಬಿಡಿಸಿದ್ದು ಯೀಸ್ಟ್ ಸಂಶೋಧನೆ. ಪೋರ್ಚುಗಲ್‌ನ ಮಿನ್ಯೋ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಡ್ ಯೀಸ್ಟ್ ಆದ ಸ್ಯಾಕರೊಮೈಸಿಸ್ ಸೆರೆವಿಸಿಯೇಯಲ್ಲಿ ಲ್ಯಾಕ್ಟೇಟ್ ಒಳತರುವುದು ಜೆನ್1 ಎಂಬ ಸಾಗಕ ಎಂದು 1999ರಲ್ಲಿ ತೋರಿಸಿದರು. ಆ ಅಳತೆಯ ಕ್ರಮವನ್ನು ಇಂದಿಗೂ ಪಾಲಿಸಬೇಕು. ಗ್ಲೂಕೋಸ್‌ನಲ್ಲಿ ಬೆಳೆಸಿದ ಕೋಶಗಳನ್ನು ಚೆನ್ನಾಗಿ ತೊಳೆದು, ಪಿಎಚ್ 5ರ ಶೇ 0.5 ಲ್ಯಾಕ್ಟಿಕ್ ಆಮ್ಲದ ಮಾಧ್ಯಮಕ್ಕೆ ಬದಲಿಸಿ ಸುಮಾರು 4 ಗಂಟೆ ಬಿಡಬೇಕು. ತೊಳೆಯುವುದರಲ್ಲಿ ಉದಾಸೀನ ಸಲ್ಲದು: ಗ್ಲೂಕೋಸ್ ಈ ಜೀನನ್ನು ಅದುಮುವುದಷ್ಟೇ ಅಲ್ಲ, ಪೊರೆಯಲ್ಲಿ ಆಗಲೇ ಇರುವ ಜೆನ್1ಗೆ ಆರ್‌ಎಸ್‌ಪಿ5 ಕಿಣ್ವದಿಂದ ಯುಬಿಕ್ವಿಟಿನ್ ಎಂಬ ಗುರುತಿನ ಪುಟ್ಟ ಪ್ರೋಟೀನ್ ಅಂಟಿಸಿ ನಾಶಕ್ಕೆ ಕಳಿಸುತ್ತದೆ.

ನಂತರ ವಿಕಿರಣಶೀಲ ಕಾರ್ಬನ್-14 ಹೊತ್ತ ಲ್ಯಾಕ್ಟೇಟನ್ನು ಬೇರೆ ಬೇರೆ ಸಾಂದ್ರತೆಯಲ್ಲಿ ಕೊಟ್ಟು, 5ರಿಂದ 10 ಸೆಕೆಂಡಿನೊಳಗೆ ಮಂಜಿನಷ್ಟು ತಣ್ಣಗಿನ ದ್ರಾವಣ ಸುರಿದು ನಿಲ್ಲಿಸಿ ಸೋಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಇಂಗಾಲ ಚಯಾಪಚಯದಲ್ಲಿ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ವೇಗ ಕಡಿಮೆ ಎಂದು ತೋರುತ್ತದೆ. ಸಾಂದ್ರತೆಗೆ ಎದುರಾಗಿ ವೇಗ ಗುರುತಿಸಿದಾಗ ಸಿಗುವ ರೇಖೆಯಲ್ಲಿ ಎರಡು ಭಾಗ: ತುಂಬಿ ನಿಲ್ಲುವುದು ಸಾಗಕದ್ದು, ಸಾಂದ್ರತೆಯೊಂದಿಗೆ ನೇರವಾಗಿ ಏರುತ್ತಲೇ ಹೋಗುವುದು ವಿಸರಣೆಯದ್ದು, ಅಂದರೆ ತಾನಾಗಿ ಪೊರೆ ದಾಟುವ ಆಮ್ಲದ್ದು. ಜೆನ್1 ತೆಗೆದುಹಾಕಿದ ತಳಿ ಎರಡನೆಯದನ್ನು ಮಾತ್ರ ತೋರಿಸಬೇಕು. ಪಿಎಚ್ 6ರಲ್ಲಿ ಇದನ್ನೇ ಮತ್ತೆ ಮಾಡಿದರೆ ಅಯಾನಾಗದ ಪಾಲು ಹತ್ತರಲ್ಲೊಂದಾಗುತ್ತದೆ, ವಿಸರಣೆಯೂ ಅಷ್ಟೇ ಕುಗ್ಗುತ್ತದೆ. ಒಂದೇ ಪಿಎಚ್‌ನಲ್ಲಿ ಅಳೆದು ಮುಗಿಸಿದ ಕೆಲಸದಲ್ಲಿ ಈ ಎರಡನ್ನು ಬೇರ್ಪಡಿಸುವುದು ಕಷ್ಟ.

ಪ್ರೋಟಾನ್ ಜೊತೆಗೇ ಬರುತ್ತದೆಯೇ ಎಂದು ನೋಡಲು ಬಫರ್ ಇಲ್ಲದ ಕೋಶದ ದ್ರವದಲ್ಲಿ ಪಿಎಚ್ ಎಲೆಕ್ಟ್ರೋಡ್ ಇಟ್ಟು ಲ್ಯಾಕ್ಟೇಟ್ ಸೇರಿಸುತ್ತಾರೆ. ಹೊರಗಿನ ಪಿಎಚ್ ಏರಬೇಕು. ಸೇರಿಸುವ ದ್ರಾವಣದ ಪಿಎಚ್ ಕೊಂಚ ಬೇರೆಯಿದ್ದರೂ ಸಾಗಣೆಯೇ ಇಲ್ಲದೆ ಮುಳ್ಳು ಜಿಗಿಯುತ್ತದೆ. ಪೊರೆಯ ಪ್ರೋಟಾನ್ ವ್ಯತ್ಯಾಸ ಅಳಿಸುವ ಸಿಸಿಸಿಪಿ ಎಂಬ ರಾಸಾಯನಿಕ ಹಾಕಿದಾಗ ಶೇಖರಣೆ ಇಳಿದರೆ ಅದೂ ಪೂರ್ಣ ಸಾಕ್ಷಿಯಲ್ಲ. ಅದು ಕೋಶದೊಳಗಿನ ಪಿಎಚ್ ಅನ್ನೂ ತಗ್ಗಿಸುವುದರಿಂದ, ವಿಸರಣೆಯಿಂದ ಬಂದ ಆಮ್ಲ ಸಿಕ್ಕಿಬೀಳುವುದೂ ಕಡಿಮೆಯಾಗುತ್ತದೆ.

ಅದೇ ಯೀಸ್ಟ್‌ನ ಎಡಿವೈ2 ಪ್ರೋಟೀನ್‌ನ ಕಥೆ ಇನ್ನೂ ಗೊಂದಲದ್ದು. ಯೀಸ್ಟ್ ವಸಾಹತುಗಳನ್ನು ಗಮನಿಸುತ್ತಿದ್ದವರು 2002ರಲ್ಲಿ ಇದನ್ನು ಅಮೋನಿಯಾ ಹೊರಹಾಕುವ ಕೆಲಸದೊಂದಿಗೆ ಜೋಡಿಸಿದರು. 2004ರಲ್ಲಿ ಇದೇ ಪ್ರೋಟೀನ್ ಅಸಿಟೇಟ್ ಒಳತರಲು ಬೇಕೆಂದು ಕಂಡಿತು. 2012ರಲ್ಲಿ ಜೆನ್1 ಇಲ್ಲದ ಯೀಸ್ಟನ್ನು ಲ್ಯಾಕ್ಟೇಟ್ ಮೇಲೆಯೇ ತಲೆಮಾರುಗಟ್ಟಲೆ ಬೆಳೆಸಿದಾಗ, ಎಡಿವೈ2ರ 219ನೇ ಲ್ಯೂಸಿನ್ ಅಥವಾ 252ನೇ ಅಲನೀನ್ ಬದಲಾದ ತಳಿಗಳು ಮತ್ತೆ ಬೆಳೆದವು. ಒಂದು ಅಮೈನೋ ಆಮ್ಲ ಬದಲಾದರೆ ಒಯ್ಯುವ ಸರಕೇ ಬದಲಾಗುವಾಗ, ಹೋಲಿಕೆ ನೋಡಿ ಅಂಟಿಸಿದ ಹೆಸರನ್ನು ಎಷ್ಟು ನಂಬಬಹುದು?

ದಿಕ್ಕಿನದೂ ಇದೇ ಪಾಡು. ಸ್ಕಿಜೊಸ್ಯಾಕರೊಮೈಸಿಸ್ ಪೊಂಬೆ ಎಂಬ ಇನ್ನೊಂದು ಯೀಸ್ಟ್‌ನಲ್ಲಿ ಮೇಇ1 ಸಾಗಕ ಮ್ಯಾಲೇಟನ್ನು ಒಳತರುತ್ತದೆ. ಮ್ಯಾಲೇಟ್ ಉತ್ಪಾದನೆಗೆಂದು ಮಾರ್ಪಡಿಸಿದ ಸೆರೆವಿಸಿಯೇಗೆ ಅದನ್ನೇ ಸೇರಿಸಿದಾಗ ಆಮ್ಲ ಅದರ ಮೂಲಕ ಹೊರಬಂತು; 2008ರ ವರದಿಯಲ್ಲಿ ಲೀಟರಿಗೆ 59 ಗ್ರಾಂವರೆಗೆ. ಬ್ಯಾಕ್ಟೀರಿಯಾದಲ್ಲಿ ಸಿಟ್ರೇಟ್ ಉದಾಹರಣೆ ಪ್ರಸಿದ್ಧ: ಆಮ್ಲಜನಕ ಇದ್ದಾಗ ಸಿಟ್ರೇಟ್ ಬಳಸದ ಇ. ಕೋಲಿ, ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿಯವರ ದೀರ್ಘ ಪ್ರಯೋಗದಲ್ಲಿ ಸುಮಾರು 31,500ನೇ ತಲೆಮಾರಿಗೆ ಅದನ್ನು ತಿನ್ನತೊಡಗಿತು. ಹೊಸ ಸಾಗಕವೇನೂ ಹುಟ್ಟಿರಲಿಲ್ಲ. ಮೊದಲೇ ಇದ್ದ ಸಿಟ್ರೇಟ್ ಸಾಗಕದ ಸಿಟ್‌ಟಿ ಜೀನ್ ನಕಲಾಗಿ, ಆಮ್ಲಜನಕವಿದ್ದಾಗಲೂ ಕೆಲಸ ಮಾಡುವ ಪ್ರವರ್ತಕದ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಮುಂದೆ ಬಂದು ಕೂತಿತ್ತು.

ಈಗಿನ ತಕರಾರು ಸ್ಯಾಟ್‌ಪಿ ಎಂಬ ಪ್ರೋಟೀನ್ ಸಾಗಕವೋ ಬರೀ ಕಾಲುವೆಯೋ ಎಂಬ ಬಗ್ಗೆ. ಇ. ಕೋಲಿಯ ಸ್ಯಾಟ್‌ಪಿ ಅಸಿಟೇಟ್ ಮತ್ತು ಸಕ್ಸಿನೇಟ್ ಎರಡನ್ನೂ ಒಳತರುತ್ತದೆ ಎಂದು 2013ರಲ್ಲಿ ಅಳೆದರು. 2018ರಲ್ಲಿ ಸಿಟ್ರೋಬ್ಯಾಕ್ಟರ್ ಕೊಸೆರಿಯ ಸ್ಯಾಟ್‌ಪಿ ಸ್ಫಟಿಕ ರಚನೆ ಹೊರಬಂದಾಗ ಆರು ಪ್ರತಿಗಳು ಒಟ್ಟಾಗಿ ಕಾಲುವೆಯಂತೆ ಕಂಡವು. ಬರೀ ಅಯಾನು ಕಾಲುವೆಯಾಗಿದ್ದರೆ, ಕೋಶದೊಳಗಿನ ಋಣ ವಿದ್ಯುದಾವೇಶ ಅಸಿಟೇಟನ್ನು ಹೊರಗೇ ತಳ್ಳಬೇಕು. ಒಳಗೆ ಬರಲು ಪ್ರೋಟಾನ್ ಜೊತೆಯಾಗಬೇಕು. ತೀರ್ಮಾನಕ್ಕೆ ಶುದ್ಧೀಕರಿಸಿದ ಪ್ರೋಟೀನನ್ನು ಲಿಪೊಸೋಮ್‌ಗೆ (ಕೊಬ್ಬಿನ ಪೊರೆಯ ಕೃತಕ ಗುಳ್ಳೆ) ಸೇರಿಸಿ, ಪಿಎಚ್ ವ್ಯತ್ಯಾಸ ಒಂದು ಬಾರಿ, ಪೊಟ್ಯಾಸಿಯಂ ಮತ್ತು ಅದನ್ನು ಪೊರೆ ದಾಟಿಸುವ ವ್ಯಾಲಿನೊಮೈಸಿನ್‌ನಿಂದ ವಿದ್ಯುತ್ ವ್ಯತ್ಯಾಸ ಇನ್ನೊಂದು ಬಾರಿ ಕೊಟ್ಟು ಅಳೆಯಬೇಕು. ಪ್ರೋಟೀನ್ ಇಲ್ಲದ ಲಿಪೊಸೋಮ್‌ನ ಅಳತೆಯೂ ಪಕ್ಕದಲ್ಲಿರಲೇಬೇಕು. ಅಸಿಟೇಟ್ ಅದರಿಂದಲೂ ಸೋರುತ್ತದೆ. ಪಿಎಚ್ 7ರಲ್ಲಿ ಸಕ್ಸಿನೇಟ್ ಬಹುತೇಕ ಎರಡು ಋಣಾವೇಶ ಹೊತ್ತಿರುವುದರಿಂದ ಅದರ ಸೋರಿಕೆ ಕಡಿಮೆ, ಮೊದಲ ಅಳತೆಗೆ ಅದೇ ಸೂಕ್ತ.