ತೆಗ್ಲಾ ಮೊದಲು ಓಡಿದ ದಾರಿ

ಕೀನ್ಯಾದ ಹೆಣ್ಣುಮಗಳೊಬ್ಬಳು ಮ್ಯಾರಥಾನ್ ಗೆದ್ದಳು ಅಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಎತ್ತರದ ಊರು, ತೆಳು ಗಾಳಿ, ಹಗುರ ಮೈಕಟ್ಟು ಅಂತ ಕಾರಣವನ್ನೂ ನಾವೇ ಹೇಳಿಬಿಡುತ್ತೇವೆ. ಆದರೆ ಆ ಬೆಟ್ಟ, ಆ ಗಾಳಿ ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಇತ್ತಲ್ವಾ? ಕೀನ್ಯಾದ ಓಟಗಾರ ಕಿಪ್ ಕೀನೊ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದಿದ್ದು 1968ರಲ್ಲಿ. ಕೀನ್ಯಾದ ಮಹಿಳೆಗೆ ಒಲಿಂಪಿಕ್ಸ್‌ನ ಮೊದಲ ಪದಕ ಬಂದಿದ್ದು 1996ರಲ್ಲಿ, 5000 ಮೀಟರ್‌ನಲ್ಲಿ ಪೌಲಿನ್ ಕೊಂಗಾ ಗೆದ್ದ ಬೆಳ್ಳಿ. ನಡುವೆ 28 ವರ್ಷ.

ಇದಕ್ಕೆ ಒಂದು ಕಾರಣ ಒಲಿಂಪಿಕ್ಸ್‌ನಲ್ಲೇ ಇದೆ. 1984ರ ತನಕ ಅಲ್ಲಿ ಹೆಂಗಸರಿಗೆ 1500 ಮೀಟರ್‌ಗಿಂತ ಉದ್ದದ ಓಟವೇ ಇರಲಿಲ್ಲ. ಮ್ಯಾರಥಾನ್ ಬಂದಿದ್ದು ಆ ವರ್ಷ, 10,000 ಮೀಟರ್ ಬಂದಿದ್ದು 1988ರಲ್ಲಿ. ಇನ್ನೊಂದು ಕಾರಣ ಮನೆಯೊಳಗಿನದು. ಅದನ್ನು ತಿಳಿಯಲು ಕೀನ್ಯಾದ ಮ್ಯಾರಥಾನ್ ಓಟಗಾರ್ತಿ ತೆಗ್ಲಾ ಲೋರೂಪೆ ಅವರ ಬಾಲ್ಯ ನೋಡಿದರೆ ಸಾಕು.

ತೆಗ್ಲಾ ಹುಟ್ಟಿದ್ದು 1973ರಲ್ಲಿ, ವೆಸ್ಟ್ ಪೊಕೊಟ್‌ನಲ್ಲಿ. ದನಕರುಗಳೇ ಆಸ್ತಿಯಾಗಿದ್ದ ಸೀಮೆ ಅದು. ಒಡಹುಟ್ಟಿದವರು 24 ಮಂದಿ. ದನ ಮೇಯಿಸುವುದು, ಹೊಲದ ಕೆಲಸ, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಎಲ್ಲ ಆಕೆಯ ಪಾಲಿಗೆ. ಶಾಲೆ 10 ಕಿಲೋಮೀಟರ್ ದೂರ. ದಿನಾ ಬರಿಗಾಲಲ್ಲೇ ಓಡಿ ಹೋಗಬೇಕು. ಓಟಗಾರ್ತಿ ಆಗುತ್ತೇನೆ ಅಂದಾಗ ಬೆನ್ನಿಗೆ ನಿಂತಿದ್ದು ತಾಯಿ. ಅಪ್ಪನಿಗೆ ಇಷ್ಟವಿರಲಿಲ್ಲ. ಅಥ್ಲೆಟಿಕ್ಸ್ ಸಂಸ್ಥೆಯವರಿಗೂ ಈ ಪುಟ್ಟ ಹುಡುಗಿಯ ಮೇಲೆ ನಂಬಿಕೆ ಬರಲಿಲ್ಲ. ದೊಡ್ಡವಳಾದ ಮೇಲೂ ತೆಗ್ಲಾ ಅವರ ಎತ್ತರ ಐದು ಅಡಿಯ ಆಸುಪಾಸು. 1988ರಲ್ಲಿ ಕ್ರಾಸ್ ಕಂಟ್ರಿ ಓಟವೊಂದನ್ನು ಬರಿಗಾಲಲ್ಲೇ ಗೆದ್ದ ಮೇಲೆ ಜನ ತಿರುಗಿ ನೋಡತೊಡಗಿದರು. ಓಟದ ಶೂ ಕಾಲಿಗೆ ಬಂದಿದ್ದು ಮರುವರ್ಷ.

ಆಮೇಲೆ ಕೈಹಿಡಿದಿದ್ದು ರಸ್ತೆ ಓಟ. ಒಲಿಂಪಿಕ್ಸ್‌ಗೆ ಹೋಗಬೇಕಾದರೆ ದೇಶದ ಸಂಸ್ಥೆ ಆರಿಸಬೇಕು. ನ್ಯೂಯಾರ್ಕ್, ಬರ್ಲಿನ್‌ನಂಥ ನಗರಗಳ ಮ್ಯಾರಥಾನ್‌ಗೆ ಸಂಘಟಕರೇ ಓಟಗಾರರನ್ನು ಕರೆಸಿಕೊಳ್ಳುತ್ತಾರೆ, ಗೆದ್ದರೆ ದುಡ್ಡು. ಕೀನ್ಯಾದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದ್ದು ಇಲ್ಲೇ ಅಂತ ನನ್ನ ಎಣಿಕೆ. 1994ರ ನವೆಂಬರ್‌ನಲ್ಲಿ, 21ನೇ ವಯಸ್ಸಿಗೆ, ತೆಗ್ಲಾ ನ್ಯೂಯಾರ್ಕ್ ಮ್ಯಾರಥಾನನ್ನು 2 ಗಂಟೆ 27 ನಿಮಿಷ 37 ಸೆಕೆಂಡಿನಲ್ಲಿ ಗೆದ್ದರು. ಜಗತ್ತಿನ ದೊಡ್ಡ ಮ್ಯಾರಥಾನೊಂದನ್ನು ಆಫ್ರಿಕಾದ ಮಹಿಳೆ ಗೆದ್ದಿದ್ದು ಅದೇ ಮೊದಲು. ಕೀನ್ಯಾದ ಇಬ್ರಾಹಿಂ ಹುಸೇನ್ ಅದೇ ಊರಿನಲ್ಲಿ ಗೆದ್ದು ಆಗಲೇ ಏಳು ವರ್ಷ ಆಗಿತ್ತು. ಮರುವರ್ಷ ಓಟಕ್ಕೆ ಕೆಲವೇ ದಿನ ಮುಂಚೆ ತೆಗ್ಲಾ ಅವರ ಅಕ್ಕ ತೀರಿಕೊಂಡರು. ಆ ದುಃಖದಲ್ಲೇ ಓಡಿ ಮತ್ತೆ ಗೆದ್ದರು.

ಮುಂದೆ ದಾಖಲೆಗಳ ಕಾಲ. ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯಾನ್ಸನ್ ಅವರ ವಿಶ್ವದಾಖಲೆ 13 ವರ್ಷದಿಂದ ಅಲುಗಾಡಿರಲಿಲ್ಲ. 1998ರ ಏಪ್ರಿಲ್‌ನಲ್ಲಿ ರಾಟರ್‌ಡ್ಯಾಮ್‌ನಲ್ಲಿ ತೆಗ್ಲಾ ಅದನ್ನು 19 ಸೆಕೆಂಡಿನಿಂದ ಮುರಿದರು: 2 ಗಂಟೆ 20 ನಿಮಿಷ 47 ಸೆಕೆಂಡ್. ಮರುವರ್ಷ ಬರ್ಲಿನ್‌ನಲ್ಲಿ ಇನ್ನೂ ನಾಲ್ಕು ಸೆಕೆಂಡ್ ಇಳಿಸಿದರು. ಗಂಡಸರು ಜೊತೆಗೆ ಓಡಿ ವೇಗ ಹಿಡಿದುಕೊಟ್ಟರು ಅಂತ ಆಕ್ಷೇಪ ಎದ್ದಿತು. ಈಗ ಹೆಂಗಸರಷ್ಟೇ ಓಡುವ ಸ್ಪರ್ಧೆಯ ದಾಖಲೆಗೆ ಬೇರೆ ಪಟ್ಟಿಯೇ ಇದೆ. ಆದರೂ 42 ಕಿಲೋಮೀಟರ್ ಓಡಿದ್ದು ತೆಗ್ಲಾ ಅವರದೇ ಕಾಲು. 2001ರಲ್ಲಿ ಆ ದಾಖಲೆಯನ್ನು ಜಪಾನಿನ ನವೊಕೊ ತಕಾಹಾಶಿ ದಾಟಿದರು. ಒಂದೇ ವಾರದಲ್ಲಿ ಅದನ್ನು ಕೀನ್ಯಾಕ್ಕೆ ಮರಳಿ ತಂದವರು ಕ್ಯಾಥರೀನ್ ಎನ್‌ಡೆರೆಬಾ.

ಒಲಿಂಪಿಕ್ಸ್ ಮಾತ್ರ ತೆಗ್ಲಾ ಅವರಿಗೆ ಒಲಿಯಲಿಲ್ಲ. 2000ದ ಸಿಡ್ನಿಯಲ್ಲಿ ಚಿನ್ನ ಅವರದೇ ಅಂತ ತುಂಬಾ ಜನ ನಂಬಿದ್ದರು. ಮ್ಯಾರಥಾನ್‌ನ ಹಿಂದಿನ ರಾತ್ರಿ ತಿಂದಿದ್ದು ವಿಷವಾಯಿತು. ಆದರೂ ಓಟ ಬಿಡಲಿಲ್ಲ, 13ನೆಯವರಾಗಿ ಗುರಿ ಮುಟ್ಟಿದರು. ಆರೇ ದಿನದಲ್ಲಿ 10,000 ಮೀಟರ್ ಫೈನಲ್‌ಗೆ ನಿಂತು ಐದನೆಯವರಾದರು. ಗೆದ್ದ ಓಟಗಳಿಗಿಂತ ನನಗೆ ಆ ಆರು ದಿನಗಳೇ ಜಾಸ್ತಿ ಕಾಡುತ್ತವೆ.

ಮಹಿಳಾ ಮ್ಯಾರಥಾನ್‌ನಲ್ಲಿ ಕೀನ್ಯಾಕ್ಕೆ ಒಲಿಂಪಿಕ್ ಚಿನ್ನ ಬರಲು 2016ರ ರಿಯೊ ತನಕ ಕಾಯಬೇಕಾಯಿತು. ಅದನ್ನು ಗೆದ್ದ ಜೆಮಿಮಾ ಸುಮ್‌ಗಾಂಗ್ ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಇದನ್ನು ಬರೆಯುವಾಗ ಬೇಸರವೇ ಆಗುತ್ತದೆ.

ಅದೇ ರಿಯೊಗೆ ತೆಗ್ಲಾ ಕೂಡ ಬಂದಿದ್ದರು, ಮೊದಲ ನಿರಾಶ್ರಿತರ ಒಲಿಂಪಿಕ್ ತಂಡದ ಮುಖ್ಯಸ್ಥೆಯಾಗಿ. ತಂಡದ ಹತ್ತು ಜನರಲ್ಲಿ ಐವರು ದಕ್ಷಿಣ ಸುಡಾನಿನ ಓಟಗಾರರು. ಕೀನ್ಯಾದ ಕಾಕುಮಾ ಶಿಬಿರದಲ್ಲಿ ಓಟ ಇಟ್ಟು ಅವರನ್ನು ಆರಿಸಿದ್ದು ತೆಗ್ಲಾ ಅವರ ಪ್ರತಿಷ್ಠಾನ. ಅಲ್ಲಿ ರೋಸ್ ನಥಿಕೆ ಎಂಬ ಹುಡುಗಿ 10 ಕಿಲೋಮೀಟರ್ ಬರಿಗಾಲಲ್ಲೇ ಓಡಿ ಎರಡನೆಯವಳಾಗಿದ್ದಳು. ರಿಯೊದ ಉದ್ಘಾಟನೆಯ ರಾತ್ರಿ ಆ ತಂಡದ ಬಾವುಟ ಹಿಡಿದು ಮುಂದೆ ನಡೆದವಳು ಅವಳೇ.