ಆಪ್‌ನಲ್ಲಿ ಕಡಿಮೆ, ಫೋನ್ ಮಾಡಿದರೆ ಜಾಸ್ತಿ: ಇದ್ಯಾವ ಲೆಕ್ಕ?

ಪ್ರಶ್ನೆ: ಹೋಟೆಲ್ ಬುಕಿಂಗ್ ಆಪ್‌ನಲ್ಲಿ 2,000 ರೂಪಾಯಿಗೆ ಸಿಗುವ ರೂಮಿಗೆ ನೇರ ಹೋಟೆಲಿಗೇ ಫೋನ್ ಮಾಡಿದರೆ 2,400 ಅನ್ನುತ್ತಾರೆ. ಆಪ್‌ಗೆ ಕೊಡುವ ಕಮಿಷನ್ ಉಳಿಯುತ್ತಲ್ಲ, ನಮಗೆ ಇನ್ನೂ ಕಡಿಮೆ ಮಾಡಬೇಕಲ್ಲವೇ? ಆಪ್‌ನವರಾದರೂ ತಮ್ಮ ಕೈಯಿಂದ ರಿಯಾಯಿತಿ ಕೊಡುತ್ತಾರೆ, ಹೋಟೆಲಿನವರಿಗೇನು ಕಷ್ಟ?

ಮೈಸೂರಿನ ಕೆಲವು ಲಾಡ್ಜುಗಳ ಲೆಕ್ಕಪತ್ರ ಬರೆಯುವುದು ನನ್ನ ಕಸುಬು. ದಸರಾ ಹತ್ತಿರ ಬಂದರೆ ಸಾಕು, ನೆಂಟರು, ನೆಂಟರ ನೆಂಟರು ಎಲ್ಲರದ್ದೂ ಇದೇ ಪ್ರಶ್ನೆ. ಈ ಸಲ ಅಂಕಿ ಸಮೇತ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಫೋನಿನಲ್ಲಿ 2,400 ಅಂದವನು ಕೌಂಟರಿನ ಹುಡುಗ. ಅವನು ಎದುರಿಗಿರುವ ಟ್ಯಾರಿಫ್ ಕಾರ್ಡ್ ಓದಿ ಹೇಳುತ್ತಾನೆ, ದರ ಇಳಿಸುವ ಅಧಿಕಾರ ಅವನಿಗಿಲ್ಲ. ಮ್ಯಾನೇಜರನ್ನೋ ಮಾಲೀಕರನ್ನೋ ಕೇಳಿ, ಆಪ್‌ನಲ್ಲಿ ಇಷ್ಟಿದೆ ಎಂದು ಹೇಳಿ. ರೂಮ್ ಖಾಲಿ ಇರುವ ದಿನವಾದರೆ ಅದಕ್ಕಿಂತ ಕಡಿಮೆಗೇ ಒಪ್ಪುವವರು ಬೇಕಾದಷ್ಟು ಜನ. ಕೇಳಿದ್ದಕ್ಕೆ ಉತ್ತರ ಇಷ್ಟೇ.

ನನಗೆ ತಲೆ ಕೆಡುವುದು ಪ್ರಶ್ನೆಯ ಕೊನೇ ಸಾಲಿಗೆ. ಆಪ್‌ನವರು 'ತಮ್ಮ ಕೈಯಿಂದ' ಕೊಡುತ್ತಾರಂತೆ! ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಲುಗಾಡುವುದಿಲ್ಲ. 3,200ಕ್ಕೆ ಗೀಟು ಹೊಡೆದು ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ 2,000 ಅಂತ ಕಂಡರೆ, ನಡುವಿನ 1,200 ರೂಪಾಯಿಯನ್ನು ಯಾರೋ ಪುಣ್ಯಾತ್ಮರು ತುಂಬಿಕೊಟ್ಟರು ಅಂದುಕೊಳ್ಳುತ್ತೀರಿ. ಆ 2,000ದ ದರ ಹಾಕಿದ್ದು ಹೆಚ್ಚಾಗಿ ಹೋಟೆಲಿನ ಮ್ಯಾನೇಜರೇ. ಅವರಿಗೊಂದು ಲಾಗಿನ್ ಇರುತ್ತದೆ, ಎಕ್ಸ್‌ಟ್ರಾನೆಟ್ ಅಂತಾರೆ. ಒಳಗೆ ಹೋದರೆ ಒಂದರ ಹಿಂದೊಂದು ಸಲಹೆ: ಮೊಬೈಲಿನಲ್ಲಿ ಬುಕ್ ಮಾಡುವವರಿಗೆ ಇಷ್ಟು ಬಿಡಿ, ಸದಸ್ಯರಿಗೆ ಇಷ್ಟು ಬಿಡಿ, ವಾರಾಂತ್ಯಕ್ಕೆ ಇಷ್ಟು ಬಿಡಿ, ಪಟ್ಟಿಯಲ್ಲಿ ಮೇಲೆ ಬರುತ್ತೀರಿ. ಬುಕಿಂಗ್ ಡಾಟ್ ಕಾಮ್‌ನ 'ಜೀನಿಯಸ್' ಸದಸ್ಯರಿಗೆ ಸಿಗುವ ಶೇ 10ರ ರಿಯಾಯಿತಿಯನ್ನೇ ತೆಗೆದುಕೊಳ್ಳಿ. ಹೆಸರು ಕಂಪನಿಯದ್ದು, ಹಣ ಹೋಟೆಲಿನದ್ದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬ್ಯಾಂಕ್ ಕಾರ್ಡಿನ ಆಫರ್ ಬೇರೆ ಮಾತು, ಅದರಲ್ಲಿ ಬ್ಯಾಂಕಿನ ಪಾಲೋ ಆಪ್‌ನ ಪಾಲೋ ಇರುತ್ತದೆ, ಒಪ್ಪುತ್ತೇನೆ. ಉಳಿದದ್ದಕ್ಕೆಲ್ಲ ಹೋಟೆಲಿನ ಗಲ್ಲಾಪೆಟ್ಟಿಗೆಯೇ ಗತಿ.

ಹೀಗೆ ಇಳಿಸಿದ ಮೇಲೆ ಕಮಿಷನ್ ಶುರು. ಸಣ್ಣ ಹೋಟೆಲುಗಳಿಗೆ ಶೇ 15ರಿಂದ 25 ಮಾಮೂಲು. ಶೇ 20 ಅಂತ ಹಿಡಿಯೋಣ. ನೀವು ಕಟ್ಟುವುದು ಬಾಡಿಗೆ 2,000, ಜಿಎಸ್‌ಟಿ 100, ಒಟ್ಟು 2,100. ಅದರಲ್ಲಿ ಕಮಿಷನ್ 400. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, 72. ಸರ್ಕಾರಕ್ಕೆಂದು ಆಪ್‌ನವರು ಮೊದಲೇ ಮುರಿದುಕೊಳ್ಳುವ ತೆರಿಗೆ ಬೇರೆ: ಟಿಸಿಎಸ್ 10, ಟಿಡಿಎಸ್ 2. ಹೋಟೆಲಿನ ಖಾತೆಗೆ ಬೀಳುವುದು 1,616, ಅದರಲ್ಲೂ ನಿಮ್ಮಿಂದ ಪಡೆದ 100 ಸರ್ಕಾರದ್ದು. ಟಿಸಿಎಸ್, ಟಿಡಿಎಸ್ ಮುಂದೆ ಹೊಂದಾಣಿಕೆಯಾಗುತ್ತದೆ ಅಂತ ಸೇರಿಸಿಕೊಂಡರೂ ಕೈಯಲ್ಲಿ ಉಳಿಯುವುದು 1,528. ಲಾಂಡ್ರಿ, ಕರೆಂಟು, ಸಂಬಳ, ಸೋಲಾರ್ ಕೈಕೊಟ್ಟ ದಿನದ ಗೀಸರ್ ಎಲ್ಲಾ ಇದರಲ್ಲೇ. ಅದೇ ರೂಮನ್ನು ನಿಮಗೆ ನೇರವಾಗಿ 1,800ಕ್ಕೆ ಕೊಟ್ಟರೆ ನಿಮಗೆ ತೆರಿಗೆ ಸೇರಿ 210 ಉಳಿತಾಯ, ಅವರಿಗೆ 272 ಹೆಚ್ಚು.

ಆ 72 ರೂಪಾಯಿಗೂ ಒಂದು ಕಥೆಯಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಗಿರಾಕಿಗಳಿಗೆ ಖುಷಿ. ಆದರೆ ಶೇ 5ರ ಜೊತೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಮೊದಲು ಕಮಿಷನ್ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಹೋಟೆಲ್ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಿತ್ತು. ಈಗ ಅದು ಪೂರಾ ಖರ್ಚು. ಆಪ್‌ನವರು ದರ ಮುಟ್ಟದಿದ್ದರೂ ಶೇ 20ರ ಕಮಿಷನ್ ಹೋಟೆಲಿನ ಪಾಲಿಗೆ ಶೇ 23.6 ಆಯಿತು. ನಮ್ಮ ಮಾಲೀಕರಲ್ಲಿ ಅರ್ಧ ಜನ ಇದನ್ನು ಗಮನಿಸಿದ್ದು ನಾನು ಲೆಡ್ಜರ್ ತೋರಿಸಿದ ಮೇಲೆ.

'ಹಾಗಾದರೆ ಮೊದಲಿನಿಂದಲೂ ನೇರವಾಗಿ ಕಡಿಮೆಗೆ ಕೊಡಬಹುದಿತ್ತಲ್ಲ?' ಆಪ್‌ ಜೊತೆಗಿನ ಕರಾರು ಬಿಡುತ್ತಿರಲಿಲ್ಲ ಸ್ವಾಮಿ. ಆಪ್‌ನಲ್ಲಿರುವುದಕ್ಕಿಂತ ಕಡಿಮೆ ದರವನ್ನು ಬೇರೆಲ್ಲೂ ತೋರಿಸಬಾರದು ಎಂಬ ಷರತ್ತು. ಹೋಟೆಲು ಮಾಲೀಕರ ಒಕ್ಕೂಟದ ದೂರಿನ ಮೇಲೆ 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋ ಎಂಬ ಬುಕಿಂಗ್ ಕಂಪನಿಗೆ 223.48 ಕೋಟಿ ರೂಪಾಯಿ ದಂಡ ಹಾಕಿ, ಇಂಥ ಷರತ್ತು ತೆಗೆಯಿರಿ ಎಂದಿತು. ಜರ್ಮನಿಯಲ್ಲಿ ಬುಕಿಂಗ್ ಡಾಟ್ ಕಾಮ್ ವಿರುದ್ಧ 2015ರಲ್ಲೇ ಇಂಥ ಆದೇಶವಾಗಿತ್ತು. ಕಾಗದದಲ್ಲಿ ಷರತ್ತು ಹೋದರೂ, ಪಟ್ಟಿಯಲ್ಲಿ ಮೂರನೇ ಪುಟಕ್ಕೆ ಜಾರಿಬಿಟ್ಟೇವು ಎಂಬ ಹೆದರಿಕೆ ಹೋಗಿಲ್ಲ. ದೊಡ್ಡ ಸರಪಳಿ ಹೋಟೆಲುಗಳಿಗೆ ತಮ್ಮದೇ ವೆಬ್‌ಸೈಟು, ಸದಸ್ಯತ್ವ, ಚೌಕಾಸಿ ಮಾಡುವ ತಾಕತ್ತು ಎಲ್ಲಾ ಇದೆ. ಬಸ್ ಸ್ಟ್ಯಾಂಡ್ ಹಿಂದಿನ 18 ರೂಮಿನ ಲಾಡ್ಜಿಗೆ ಏನಿದೆ?

ಆಪ್ ಬೇಡವೇ ಬೇಡ ಅನ್ನುತ್ತಿಲ್ಲ. ಗೊತ್ತಿಲ್ಲದ ಊರಿಗೆ ರಾತ್ರಿ ಹನ್ನೊಂದಕ್ಕೆ ಇಳಿಯುವವರು, ಪ್ರಯಾಣ ರದ್ದಾಗುವ ಸಾಧ್ಯತೆ ಇರುವವರು ಆಪ್‌ನಲ್ಲೇ ಮಾಡಿ, ಉಚಿತ ಕ್ಯಾನ್ಸಲೇಶನ್ ಇದೆಯೇ ಎಂದು ನೋಡಿಕೊಂಡು.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ, ಆದರೂ ಹೇಳಬೇಕು. ನೇರ ಫೋನ್ ಮಾಡಿ ಅಂದಾಕ್ಷಣ ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೆ ಒತ್ತಬೇಡಿ. ಯಾತ್ರಾಸ್ಥಳಗಳ ವಸತಿಗೃಹದ ಹೆಸರಿನಲ್ಲಿ ನಕಲಿ ವೆಬ್‌ಸೈಟು, ನಕಲಿ ನಂಬರು ಹಾಕಿ ಮುಂಗಡ ನುಂಗುವ ದಂಧೆ ಜೋರಾಗಿದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗವೂ 2025ರ ಏಪ್ರಿಲ್‌ನಲ್ಲಿ ಈ ಬಗ್ಗೆ ಎಚ್ಚರಿಸಿತ್ತು. ಹೋಟೆಲಿನ ಹಳೇ ಬಿಲ್ಲಿನಲ್ಲಿ ಅಥವಾ ಹೋಗಿ ಬಂದವರ ಹತ್ತಿರ ಇರುವ ನಂಬರ್ ಹಿಡಿಯಿರಿ. ಲ್ಯಾಂಡ್‌ಲೈನ್ ಇದ್ದರೆ ಇನ್ನೂ ಒಳ್ಳೆಯದು. ಯುಪಿಐಯಲ್ಲಿ ಮುಂಗಡ ಕಳಿಸುವಾಗ ಹೋಟೆಲಿನ ಹೆಸರಿನ ಬದಲು ಯಾರೋ ಅಪರಿಚಿತರ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.